ಜಾಗತಿಕ ಆರೋಗ್ಯದ ಪಾಠಕ್ಕೆ ಜಗಳೂರು ಬಸ್ಸು

ಅಮೆರಿಕದ ಬೋಧಕ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವ ರೆಸಿಡೆಂಟ್ ವೈದ್ಯರಿಗೆ ‘ಗ್ಲೋಬಲ್ ಹೆಲ್ತ್’ ಎಂಬುದೊಂದು ಪಾಠ ಉಂಟು. ಆಸಕ್ತಿಯಿದ್ದವರು ನಾಲ್ಕಾರು ವಾರ ಆಫ್ರಿಕಾಕ್ಕೋ ದಕ್ಷಿಣ ಅಮೆರಿಕಕ್ಕೋ ನಮ್ಮ ದೇಶಕ್ಕೋ ಬಂದು, ಎಂ.ಆರ್.ಐ. ಯಂತ್ರವಿಲ್ಲದ ಆಸ್ಪತ್ರೆಯಲ್ಲಿ ರೋಗಿಯ ನಾಡಿ ಹಿಡಿದು, ಹೊಟ್ಟೆ ಮುಟ್ಟಿ, ಮಾತು ಕೇಳಿ ಕಾಯಿಲೆ ಕಂಡುಹಿಡಿಯುವುದನ್ನು ಕಲಿತು ಹೋಗುತ್ತಾರೆ. ತಮ್ಮೂರಲ್ಲಿ ಪುಸ್ತಕದಲ್ಲಷ್ಟೇ ಓದಿದ ಮಲೇರಿಯಾ, ಹಾವು ಕಡಿತಗಳನ್ನು ಕಣ್ಣಾರೆ ಕಾಣುತ್ತಾರೆ. ಅದಕ್ಕೆ ವೀಸಾ ಬೇಕು, ವಿಮಾನದ ಟಿಕೆಟ್ ಬೇಕು. ದಾವಣಗೆರೆಯಲ್ಲಿ ಎಂ.ಡಿ., ಎಂ.ಎಸ್. ಓದುತ್ತಿರುವ ಡಾಕ್ಟರು ಅದೇ ಪಾಠ ಕಲಿಯಬೇಕೆಂದರೆ ಜಗಳೂರಿನ ಬಸ್ಸು ಹತ್ತಿದರೆ ಸಾಕು.

ಹತ್ತಿಸುವುದಕ್ಕೆ ನಿಯಮವೂ ಇದೆ. 2020ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ ನಿಯಮಾವಳಿಗೆ ತಿದ್ದುಪಡಿ ತಂದು ‘ಜಿಲ್ಲಾ ರೆಸಿಡೆನ್ಸಿ’ ಎಂಬ ಕಾರ್ಯಕ್ರಮ ಸೇರಿಸಿದರು. ಅದರ ಪ್ರಕಾರ ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಮೂರು ತಿಂಗಳು ಕಾಲೇಜು ಬಿಟ್ಟು ಜಿಲ್ಲೆಯ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕು. ಇದನ್ನು ಮುಗಿಸದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಸ್ಟೈಪೆಂಡ್ ಎಂದಿನಂತೆ ಬರುತ್ತದೆ, ವಾರಕ್ಕೊಂದು ರಜೆ ಇರುತ್ತದೆ, ಮಾಡಿದ ಕೆಲಸವನ್ನೆಲ್ಲ ಲಾಗ್ ಬುಕ್ಕಿನಲ್ಲಿ ಬರೆದಿಡಬೇಕು. ಮೊದಲು ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಆಗಬೇಕು ಎಂದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಹೊಸ ನಿಯಮಾವಳಿಯಲ್ಲಿ ಅದನ್ನು 50ಕ್ಕೆ ಇಳಿಸಿತು. ಈ ಒಂದು ಅಂಕಿ ಬದಲಾದದ್ದರಿಂದ ತಾಲ್ಲೂಕು ಆಸ್ಪತ್ರೆಗಳ ಬಾಗಿಲು ಇನ್ನಷ್ಟು ತೆರೆಯಿತು.

ದಾವಣಗೆರೆಗೆ ಇದು ಬೇರೆ ಊರುಗಳಿಗಿಂತ ಹೆಚ್ಚು ಅನ್ವಯಿಸುವ ಮಾತು. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇಲ್ಲಿದೆ, ಆಮೇಲೆ ಬಂದ ಎಸ್.ಎಸ್. ಕಾಲೇಜೂ ಇದೆ. ಜನ ಸಿ.ಜಿ. ಆಸ್ಪತ್ರೆ ಎಂದು ಕರೆಯುವ ಚಿಗಟೇರಿ ಜಿಲ್ಲಾಸ್ಪತ್ರೆಯ ವಾರ್ಡುಗಳಲ್ಲಿ ಜೆ.ಜೆ.ಎಂ. ಪಿ.ಜಿ.ಗಳು ಮೊದಲಿನಿಂದಲೂ ಓಡಾಡಿಕೊಂಡೇ ಇದ್ದಾರೆ. ಹಾಗಾಗಿ ಜಿಲ್ಲಾ ರೆಸಿಡೆನ್ಸಿಯ ಹೆಸರಿನಲ್ಲಿ ಅವರನ್ನು ಮತ್ತೆ ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಕೂರಿಸಿದರೆ ರಿಜಿಸ್ಟರಿನಲ್ಲಿ ಹಾಜರಿ ಬೀಳುತ್ತದೆ, ಕಲಿಕೆ ಆಗುವುದಿಲ್ಲ. ಕಲಿಯುವುದೇನಿದ್ದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿದೆ. ಒಂದೇ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಕಾಯಿಲೆಗಳು ನಾಲ್ಕು ದಿಕ್ಕಿನವು, ಒಂದೊಂದೂ ವಿಶ್ವ ಆರೋಗ್ಯ ಸಂಸ್ಥೆಯ ಯಾವುದೋ ಒಂದು ಕಡತದಲ್ಲಿ ಇರುವಂಥದ್ದು.

ಹೊನ್ನಾಳಿ ಕಡೆಯ ಗದ್ದೆಯನ್ನೇ ತೆಗೆದುಕೊಳ್ಳಿ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ನೀರು ಕಟ್ಟಲು ಹೋಗುತ್ತಾನೆ. ಬದುವಿನ ಮೇಲೆ ಕಾಲಿಟ್ಟಾಗ ಕೊಳಕುಮಂಡಲ ಕಚ್ಚಿದರೆ ಅವನನ್ನು ಬೈಕಿನ ನಡುವೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ತರುತ್ತಾರೆ. ಆ ಹೊತ್ತಿನಲ್ಲಿ ಲ್ಯಾಬ್ ಇರಲಿ ಇಲ್ಲದಿರಲಿ, ಡಾಕ್ಟರು ಮಾಡಬಹುದಾದ ಒಂದು ಪರೀಕ್ಷೆ ಇದೆ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಟ್ಯೂಬನ್ನು ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಒಳಗೆ ಕೆಲಸ ಶುರು ಮಾಡಿದೆ ಎಂದರ್ಥ, ಪ್ರತಿವಿಷ ಕೊಡಲೇಬೇಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ, ಸೋಪು ಹಾಕಿ ತೊಳೆದದ್ದಾದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಪ್ರತಿವಿಷವೇ ಮೈಗೆ ಒಗ್ಗದೆ ಉಸಿರು ಕಟ್ಟಬಹುದಾದ್ದರಿಂದ ಅಡ್ರಿನಲಿನ್ ಸಿರಿಂಜು ಕೈಗೆ ಸಿಗುವಂತೆ ತಯಾರಿರಬೇಕು. ಕಟ್ಟುಹಾವು ಕಡಿದದ್ದಾದರೆ ಗಾಯವೇ ಕಾಣದಿರಬಹುದು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ‘ಹೊಟ್ಟೆ ನೋಯ್ತೈತ್ರೀ’ ಎಂದು ಬರುತ್ತಾರೆ, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು. ರೆಪ್ಪೆ ಬಿದ್ದಿದೆಯೇ ಎಂದು ಟಾರ್ಚು ಹಾಕಿ ನೋಡುವ ಅಭ್ಯಾಸ ಒಂದು ಜೀವ ಉಳಿಸುತ್ತದೆ.

ಪೇಟೆಯ ಬೋಧಕ ಆಸ್ಪತ್ರೆಗೆ ಇಂಥ ರೋಗಿ ಬರುವುದು ತಡವಾಗಿ, ಮೂತ್ರಪಿಂಡ ಕೈಕೊಟ್ಟ ಮೇಲೆ, ಡಯಾಲಿಸಿಸ್‌ಗೆ. ಮೊದಲ ಗಂಟೆಯ ವೈದ್ಯವಿದ್ಯೆ ತಾಲ್ಲೂಕಿನಲ್ಲೇ ಕಲಿಯಬೇಕು. ಇದು ಸಣ್ಣ ವಿಷಯವೂ ಅಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ವಿಷಬಾಧೆಯನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು, 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸಬೇಕೆಂದು 2019ರಲ್ಲಿ ಗುರಿ ಹಾಕಿತು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತು. ಇನ್ನೊಂದು ಸಂಗತಿ: ನಮ್ಮಲ್ಲಿ ಬಳಸುವ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಚೆನ್ನೈ ಹತ್ತಿರದ ಇರುಳ ಸಮುದಾಯದ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಅವರ ಪ್ರಯೋಗಾಲಯ ತೋರಿಸಿದೆ. ಹಾಗಿದ್ದರೆ ಹೊನ್ನಾಳಿಯ ಕೊಳಕುಮಂಡಲಕ್ಕೆ ಆ ಬಾಟಲಿ ಎಷ್ಟು ನಾಟುತ್ತದೆ, ಎಷ್ಟು ಬಾಟಲಿ ಬೇಕಾಗುತ್ತದೆ? ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರು ಹಿಡಿದು ಕೂತ ರೆಸಿಡೆಂಟಿಗೆ ಇಂಥ ಪ್ರಶ್ನೆ ಎದುರಾಗುತ್ತದೆ. ಜಾಗತಿಕ ಆರೋಗ್ಯದ ಪಾಠ ಶುರುವಾಗುವುದು ಇಲ್ಲಿಂದ.

ಜಗಳೂರಿನದು ನೀರಿನ ಕಥೆ. ಮಳೆ ಕಡಿಮೆ, ಕೊಳವೆಬಾವಿ ಆಳ, ಬರುವ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣಿಸುತ್ತದೆ, ಆಮೇಲೆ ಬೆನ್ನು, ಕತ್ತು ಮರದಂತೆ ಸೆಟೆಯುತ್ತವೆ. ಕೂತರೆ ಏಳಲಾಗದ ಅಜ್ಜನನ್ನು ಮೂಳೆ ವಿಭಾಗದ ಪಿ.ಜಿ. ದಾವಣಗೆರೆಯಲ್ಲಿ ನೋಡಿದರೆ ಎಕ್ಸ್‌ರೇ ತೆಗೆಸಿ ನೋವಿನ ಮಾತ್ರೆ ಬರೆಯುತ್ತಾನೆ. ಜಗಳೂರಿನಲ್ಲಿ ನೋಡಿದರೆ ‘ಅಜ್ಜಾ, ಯಾವ ಬೋರಿನ ನೀರು ಕುಡೀತೀರಿ?’ ಎಂದು ಕೇಳುವ ಬುದ್ಧಿ ಬರುತ್ತದೆ. ಒಮ್ಮೆ ಸೆಟೆದ ಬೆನ್ನನ್ನು ಮಾತ್ರೆ ಬಗ್ಗಿಸುವುದಿಲ್ಲ, ಅವರ ಮೊಮ್ಮಗನ ಬೆನ್ನನ್ನು ಒಳ್ಳೆಯ ನೀರು ಉಳಿಸಬಲ್ಲದು. ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆಯೇ, ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯ ನೀರು ಈ ಊರ ಹತ್ತಿರ ಬಂದಿದೆಯೇ ಎಂಬುದೂ ಆಗ ವೈದ್ಯಕೀಯ ಪ್ರಶ್ನೆಯಾಗುತ್ತದೆ. ಇಥಿಯೋಪಿಯಾ, ಕೀನ್ಯಾ, ತಾಂಜಾನಿಯಾಗಳ ಕಣಿವೆ ಪ್ರದೇಶದ ಹಳ್ಳಿಗರೂ ಇದೇ ಫ್ಲೋರೈಡಿನಿಂದ ನರಳುತ್ತಿದ್ದಾರೆ. ಜಗಳೂರಿನಲ್ಲಿ ಇದನ್ನು ಚೆನ್ನಾಗಿ ಕಲಿತವನು ಅಲ್ಲಿಗೂ ಪಾಠ ಹೇಳಬಲ್ಲ.

ಚನ್ನಗಿರಿಗೆ ಬಂದರೆ ಮಾತು ಸ್ವಲ್ಪ ಸೂಕ್ಷ್ಮ. ಭದ್ರಾ ನಾಲೆ, ಅಡಿಕೆ ತೋಟ, ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಎಲ್ಲ ಸೇರಿ ಈ ತಾಲ್ಲೂಕನ್ನು ಅಡಿಕೆಯ ನಾಡು ಮಾಡಿವೆ. ಮನೆ ಕಟ್ಟಿದ್ದು, ಮಗಳ ಮದುವೆ ಮಾಡಿದ್ದು, ಮಗನನ್ನು ಎಂಜಿನಿಯರಿಂಗ್ ಓದಿಸಿದ್ದು ಎಲ್ಲವೂ ಅಡಿಕೆ ದುಡ್ಡಿನಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ತಂಬಾಕು ಬೆರೆಯದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಗುಟ್ಕಾ ತಿಂದವರನ್ನು ನೋಡಿ ಅಡಿಕೆಯ ಮೇಲೆ ಗೂಬೆ ಕೂರಿಸುತ್ತಾರೆ ಎಂಬುದು ಬೆಳೆಗಾರರ ಬೇಸರ. ಪಿ.ಜಿ. ಡಾಕ್ಟರು ಈ ಎರಡೂ ಮಾತು ತಿಳಿದು ಓಪಿಡಿಯಲ್ಲಿ ಕೂರಬೇಕು. ಎದುರಿಗೆ ಕೂತ ಹುಡುಗನಿಗೆ ‘ಬಾಯಿ ತೆಗಿ’ ಎಂದಾಗ ಅವನ ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹಿಡಿಯಬೇಕು. ಎರಡೇ ಹಿಡಿದರೆ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿದಿದ್ದರೆ, ಖಾರ ತಿಂದರೆ ಉರಿಯುತ್ತದೆ ಎಂದರೆ ಅದು ಕ್ಯಾನ್ಸರಿಗೆ ತಿರುಗಬಹುದಾದ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆ ಬೆಳೆದ ಅಪ್ಪನ ಮುಂದೆ, ಸ್ಯಾಚೆ ಅಗಿದ ಮಗನಿಗೆ, ಬೆಳೆಯನ್ನು ಹೀಯಾಳಿಸದೆ ಚಟವನ್ನು ಬಿಡಿಸುವ ಮಾತಾಡುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಕೌಶಲ. ತೈವಾನ್ ಸರ್ಕಾರ ಅಡಿಕೆ ಅಗಿಯುವವರ ಬಾಯಿ ತಪಾಸಣೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿದ್ದಲ್ಲದೆ, ಬೇರೆ ಬೆಳೆಗೆ ಹೊರಳುವ ಬೆಳೆಗಾರರಿಗೆ ಸಹಾಯಧನವನ್ನೂ ಕೊಟ್ಟಿತು. ಚನ್ನಗಿರಿಯಲ್ಲಿ ಕೂತು ತೈವಾನಿನ ಅನುಭವ ಓದುವ ರೆಸಿಡೆಂಟಿಗೆ ಆರೋಗ್ಯವೂ ಕೃಷಿಯೂ ಒಂದೇ ಮೇಜಿನ ಮೇಲಿನ ಕಡತಗಳು ಎಂಬುದು ಅರ್ಥವಾಗುತ್ತದೆ.

ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಅಡಿಕೆ ಕೊಯ್ಲಿಗೋ ನೆಂಟರ ಮನೆಗೋ ಮಲೆನಾಡಿಗೆ ಹೋಗಿಬಂದವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ ‘ಕಾಡಿಗೆ ಹೋಗಿದ್ರಾ, ಉಣುಗು ಕಚ್ಚಿತ್ತಾ?’ ಎಂದು ಕೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ, ಏಷ್ಯಾ ಕಾಣದ ಹಳದಿ ಜ್ವರವೇ ಬಂದುಬಿಟ್ಟಿತೇ ಎಂದು ಜಗತ್ತು ಬೆದರಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಇದ್ದ ತಂಡ ಓಡಿ ಬಂತು. ಸಿಕ್ಕಿದ್ದು ಹೊಸದೊಂದು ವೈರಸ್, ಹರಡುವುದು ಉಣುಗಿನಿಂದ ಎಂದು ಗೊತ್ತಾಯಿತು. ಕ್ಯಾಸನೂರಿನ ಹೆಸರು ವೈರಾಣುಶಾಸ್ತ್ರದ ಪುಸ್ತಕ ಸೇರಿತು. ಆಗ ಚನ್ನಗಿರಿಯೂ ಹೊನ್ನಾಳಿಯೂ ಅದೇ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಜಿಲ್ಲೆಯ ಗಡಿ ಉಣುಗಿಗೆ ಗೊತ್ತಿಲ್ಲ. ಈ ಕಾಯಿಲೆಯ ಹಳೆಯ ಲಸಿಕೆ ಫಲ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾರೆ, ಹಾಗಾಗಿ ಸದ್ಯಕ್ಕೆ ನಮ್ಮ ಆಯುಧ ಎಂದರೆ ಬೇಗ ಅನುಮಾನಪಟ್ಟು ಬೇಗ ರಕ್ತ ಪರೀಕ್ಷೆಗೆ ಕಳಿಸುವ ವೈದ್ಯರೇ.

‘ತಾಲ್ಲೂಕಿನಲ್ಲಿ ಕಲಿಯುವುದು ಸರಿ, ಅಲ್ಲಿಂದ ಜಗತ್ತಿಗೆ ಏನು ಹೋಗುತ್ತದೆ?’ ಎಂದು ಕೇಳುವವರು ಬೆಳಗಾವಿಯ ಕಡೆ ನೋಡಬೇಕು. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರನ್ನು ಕೊಲ್ಲುವ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ತಂಪಿನಲ್ಲಿಡಬೇಕಾದದ್ದು, ಹಳ್ಳಿಯಲ್ಲಿ ಕಷ್ಟ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮೊದಲಾದವರ ತಂಡ, ಮಾಮೂಲಿ ತಾಪಮಾನದಲ್ಲೂ ಕೆಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಹೆರಿಗೆಗಳಲ್ಲಿ ಪರೀಕ್ಷಿಸಿತು. ಬೆಳಗಾವಿ ಜಿಲ್ಲೆಯ 4 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, 1,620 ತಾಯಂದಿರಲ್ಲಿ. ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, 25 ಮಂದಿ ಎ.ಎನ್.ಎಂ. ಸಿಸ್ಟರುಗಳು. ತಾಯಿಯ ಸೊಂಟದ ಕೆಳಗೆ ಅಳತೆಯ ಗೆರೆಯಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ, ಹೋದ ರಕ್ತವನ್ನು ಕಣ್ಣಂದಾಜು ಬಿಟ್ಟು ಮಿ.ಲೀ. ಲೆಕ್ಕದಲ್ಲಿ ಅಳೆದರು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಂಥದೇ ಅಳತೆಯ ಹಾಳೆಯನ್ನು ಮುಂದಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನವು ರಕ್ತಸ್ರಾವದ ಗಂಭೀರ ಪರಿಣಾಮಗಳು ಶೇ 60ರಷ್ಟು ತಗ್ಗಿದ್ದನ್ನು ಕಂಡಿತು. ಬೆಳಗಾವಿಯ ಸಿಸ್ಟರುಗಳ ಕೈಯ ಅನುಭವ ಹೋದ ದೂರ ಅಷ್ಟು.

ಇಷ್ಟೆಲ್ಲ ಇದ್ದೂ ಜಿಲ್ಲಾ ರೆಸಿಡೆನ್ಸಿ ಎಂದರೆ ಬಹಳ ಕಡೆ ಪಿ.ಜಿ.ಗಳಿಗೆ ‘ಮೂರು ತಿಂಗಳು ಹೇಗೋ ಕಳೆದರಾಯಿತು’ ಎಂಬ ಭಾವ, ಆಸ್ಪತ್ರೆಗೆ ‘ಡ್ಯೂಟಿಗೆ ಒಂದು ಆಳು ಸಿಕ್ಕಿತು’ ಎಂಬ ಸಮಾಧಾನ. ಇದು ಮೊದಲ ಪ್ರಯತ್ನವೂ ಅಲ್ಲ. 1946ರ ಭೋರ್ ಸಮಿತಿಯೇ ಸಾಮಾಜಿಕ ವೈದ್ಯರನ್ನು ತಯಾರು ಮಾಡಲು ಮೂರು ತಿಂಗಳ ತರಬೇತಿ ಬೇಕೆಂದಿತ್ತು. 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜಿಗೂ ಹಳ್ಳಿಗಾಡಿನ ಬ್ಲಾಕುಗಳನ್ನು ಹೊಂದಿಸಿ, ಸಂಚಾರಿ ಆಸ್ಪತ್ರೆಯ ವಾಹನ ಕೊಟ್ಟು ‘ರೋಮ್’ ಎಂಬ ಯೋಜನೆ ತಂದರು. ಅದು ನಿರೀಕ್ಷಿಸಿದಷ್ಟು ಬೇರು ಬಿಡಲಿಲ್ಲ. ಕರ್ನಾಟಕ 2012ರಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆಯನ್ನೇ ಮಾಡಿತು. ಎಲ್ಲದರಲ್ಲೂ ಕಂಡ ಕೊರತೆ ಒಂದೇ: ವಿದ್ಯಾರ್ಥಿಯನ್ನು ಹಳ್ಳಿಗೆ ಕಳಿಸಿದೆವು, ಮೇಷ್ಟರನ್ನು ಕಳಿಸಲಿಲ್ಲ.

ಹಾಗಾಗಿ ಮಾಡಬೇಕಾದ ಮೊದಲ ಕೆಲಸ ಮೇಷ್ಟರದ್ದು. ಪಿ.ಜಿ. ಮೂಲ ಕಾಲೇಜಿನೊಂದಿಗೆ ಫೋನಿನಲ್ಲಿ, ಆನ್‌ಲೈನಿನಲ್ಲಿ ಸಂಪರ್ಕದಲ್ಲಿರಬೇಕೆಂದು ನಿಯಮವೇ ಹೇಳುತ್ತದೆ. ಅದನ್ನು ವಾರಕ್ಕೊಂದು ಸಂಜೆಯ ಪಾಠವಾಗಿ ಮಾಡಲಿ, ತಿಂಗಳಿಗೊಮ್ಮೆಯಾದರೂ ವಿಭಾಗದ ಪ್ರಾಧ್ಯಾಪಕರು ತಾಲ್ಲೂಕು ಆಸ್ಪತ್ರೆಗೆ ಬಂದು ರೌಂಡ್ಸ್ ಮಾಡಲಿ. ತಾಲ್ಲೂಕಿನ ತಜ್ಞರು, ಎಷ್ಟೋ ವರ್ಷ ಅಲ್ಲೇ ದುಡಿದು ಹಾವು ಕಡಿತ ಅರೆದು ಕುಡಿದವರು, ಅವರನ್ನೂ ಕಾಲೇಜಿನವರು ಅತಿಥಿ ಬೋಧಕರೆಂದು ಗೌರವಿಸಲಿ. ತಜ್ಞರ ಹುದ್ದೆ ಖಾಲಿ ಇರುವ ಕಡೆ ಪಿ.ಜಿ.ಯನ್ನು ತಂದು ಕೂರಿಸಿ ಕೈತೊಳೆದುಕೊಳ್ಳುವುದು ಮಾತ್ರ ಬೇಡ. ಕಲಿಯಲು ಬಂದವನನ್ನೇ ಕಲಿಸುವವನ ಕುರ್ಚಿಯಲ್ಲಿ ಕೂರಿಸಿದರೆ ರೋಗಿಗೂ ನಷ್ಟ, ಅವನಿಗೂ ನಷ್ಟ.

ಎರಡನೆಯದು, ವಾರದ ಒಂದು ದಿನ ಆಸ್ಪತ್ರೆಯ ಗೇಟಿನಾಚೆಗೆ. ಆಶಾ ಕಾರ್ಯಕರ್ತೆಯ ಜೊತೆ ಬಾಣಂತಿ ಮನೆಗೆ, ತಾಲ್ಲೂಕು ಆರೋಗ್ಯಾಧಿಕಾರಿಯ ಸಭೆಗೆ, ತಾಯಿ ಮರಣದ ಪರಿಶೀಲನೆಗೆ, ನೀರಿನ ಘಟಕಕ್ಕೆ ಹೋಗಲಿ. 108 ಯಾಕೆ ತಡವಾಯಿತು, ರೆಫರ್ ಚೀಟಿ ಹಿಡಿದು ಹೊರಟವರು ಯಾಕೆ ದಾವಣಗೆರೆ ತಲುಪಲಿಲ್ಲ ಎಂಬುದಕ್ಕೆ ಉತ್ತರ ವಾರ್ಡಿನಲ್ಲಿ ಸಿಗುವುದಿಲ್ಲ. ಬೇರೆ ರಾಜ್ಯಗಳಿಂದ ಬಂದ ಪಿ.ಜಿ.ಗಳಿಗೆ ಹೊರಡುವ ಮೊದಲೇ ನಾಲ್ಕು ಮಾತು ಕನ್ನಡ ಕಲಿಸಿ ಕಳಿಸಬೇಕು. ನರ್ಸಮ್ಮ ಅನುವಾದಿಸಿ ಹೇಳಿದ ರೋಗದ ಕಥೆಯಲ್ಲಿ ಅರ್ಧ ಕಥೆ ಉದುರಿಹೋಗಿರುತ್ತದೆ.

ಮೂರನೆಯದು ಪ್ರಬಂಧ. ಪ್ರತಿ ಪಿ.ಜಿ. ಹೇಗೂ ಥೀಸಿಸ್ ಬರೆಯಲೇಬೇಕು. ಸಿ.ಟಿ. ಸ್ಕ್ಯಾನ್ ಫಿಲಂಗಳನ್ನು ಗುಡ್ಡೆ ಹಾಕಿಕೊಂಡು ಬರೆಯುವ ಬದಲು, ಹೊನ್ನಾಳಿಯಲ್ಲಿ ಹಾವು ಕಡಿದ ಹೊತ್ತಿಗೂ ಪ್ರತಿವಿಷ ಹತ್ತಿದ ಹೊತ್ತಿಗೂ ನಡುವೆ ಎಷ್ಟು ಗಂಟೆ ಕಳೆಯಿತು, ಚನ್ನಗಿರಿಯ ಓಪಿಡಿಗೆ ಬಂದವರಲ್ಲಿ ಎಷ್ಟು ಜನಕ್ಕೆ ಮೂರು ಬೆರಳು ಬಾಯಲ್ಲಿ ಹಿಡಿಯುವುದಿಲ್ಲ, ಜಗಳೂರಿನ ಯಾವ ಊರಿನ ಮಕ್ಕಳ ಹಲ್ಲಿನಲ್ಲಿ ಪಟ್ಟೆ ಹೆಚ್ಚು ಎಂದು ಎಣಿಸಿ ಬರೆಯಲಿ. ಹಾಗೆ ಬರೆದದ್ದು ಗ್ರಂಥಾಲಯದ ಕಪಾಟಿಗೆ ಹೋಗುವ ಮೊದಲು ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ಹೋಗಲಿ.

ಇದರ ಜೊತೆಗೆ ವಾಸದ ಮನೆ, ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾದ ಕೋಣೆ, ಕಾವಲು. ಇವನ್ನು ಕೊಡದೆ ಸೇವಾಭಾವದ ಭಾಷಣ ಮಾಡುವ ಹಕ್ಕು ಯಾರಿಗೂ ಇಲ್ಲ.

ಓದುಗರಿಗೂ ಇಲ್ಲಿ ಪಾಲಿದೆ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದರಲ್ಲಿ ನಿಮ್ಮ ಪ್ರತಿನಿಧಿಗಳಿರುತ್ತಾರೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿಸಿ: ನಮ್ಮ ಆಸ್ಪತ್ರೆಗೆ ಜಿಲ್ಲಾ ರೆಸಿಡೆನ್ಸಿಯ ಪಿ.ಜಿ.ಗಳು ಎಷ್ಟು ಮಂದಿ ಬಂದರು, ಅವರಿಗೆ ಕಲಿಸಲು ಯಾರು ಬಂದರು, ಹೋಗುವಾಗ ನಮ್ಮ ತಾಲ್ಲೂಕಿನ ಬಗ್ಗೆ ಏನು ಬರೆದುಕೊಟ್ಟು ಹೋದರು? ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.